ಜಾಂಬಿಯಾದ ತಾಮ್ರ: ರಾಜಧನದ ದರ ಇಷ್ಟು ಸಲ ಬದಲಾದರೂ ಬೊಕ್ಕಸಕ್ಕೆ ಬರಬೇಕಾದದ್ದು ಬಂದಿದೆಯೇ?

ಪ್ರಶ್ನೆ: ಖನಿಜನೀತಿ ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ಆಫ್ರಿಕಾದ ಗಣಿ ಕಾನೂನುಗಳನ್ನು ಕುರಿತು ಸ್ನಾತಕೋತ್ತರ ಪ್ರಬಂಧವೊಂದನ್ನು ಸಿದ್ಧಪಡಿಸುತ್ತಿದ್ದು, ಅಧ್ಯಯನಕ್ಕೆ ಜಾಂಬಿಯಾವನ್ನು ಆರಿಸಿಕೊಂಡಿದ್ದೇನೆ. ಕಾಯಿದೆಗಳನ್ನೂ ಬಜೆಟ್ ಭಾಷಣಗಳನ್ನೂ ಓದಿದಷ್ಟು ನನ್ನ ಗೊಂದಲ ಹೆಚ್ಚಾಗುತ್ತಿರುವುದರಿಂದ, ಈ ವಿಷಯದಲ್ಲಿ ಕೆಲಸ ಮಾಡಿದವರು ಯಾರಾದರೂ ಇಲ್ಲಿದ್ದರೆ ದಾರಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ತಾಮ್ರದ ಮೇಲಿನ ರಾಜಧನದ (ರಾಯಲ್ಟಿ, ಅಂದರೆ ಅಗೆದ ಲೋಹದ ಮೌಲ್ಯದಲ್ಲಿ ಕಂಪನಿ ಸರ್ಕಾರಕ್ಕೆ ಕೊಡುವ ಪಾಲು) ಇತಿಹಾಸವನ್ನು ನಾನು ಹೀಗೆ ಗುರುತು ಮಾಡಿಕೊಂಡಿದ್ದೇನೆ. ಖಾಸಗೀಕರಣದ ಕಾಲದ ಒಪ್ಪಂದಗಳಲ್ಲಿ ಅದು ಶೇ 0.6 ಇತ್ತು. 2008ರಲ್ಲಿ ಶೇ 3 ಆಯಿತು, 2012ರಲ್ಲಿ ಶೇ 6 ಆಯಿತು. 2015ರ ಜನವರಿಯಲ್ಲಿ ಸುರಂಗ ಗಣಿಗಳಿಗೆ ಶೇ 8, ತೆರೆದ ಗಣಿಗಳಿಗೆ ಶೇ 20 ಎಂದು ನಿಗದಿಯಾಗಿ, ಅದೇ ವರ್ಷದ ನಡುವೆ ಕ್ರಮವಾಗಿ ಶೇ 6 ಮತ್ತು ಶೇ 9ಕ್ಕೆ ಇಳಿಯಿತು. 2016ರಲ್ಲಿ ಬೆಲೆಗೆ ತಕ್ಕಂತೆ ಏರಿಳಿಯುವ ಶೇ 4ರಿಂದ 6ರ ಪಟ್ಟಿ ಬಂದರೆ, 2019ರಲ್ಲಿ ಅದು ಶೇ 5.5ರಿಂದ 10ರವರೆಗೆ ಹಿಗ್ಗಿತು. 2023ರಿಂದ ಮತ್ತೆ ಬೇರೆಯದೇ ಲೆಕ್ಕ. ಇದರ ನಡುವೆ 2008ರಲ್ಲಿ ಅನಿರೀಕ್ಷಿತ ಲಾಭದ ಮೇಲಿನ ವಿಶೇಷ ತೆರಿಗೆಯೊಂದು ಬಂದು ಮರುವರ್ಷವೇ ರದ್ದಾಯಿತು.

ಒಂದೇ ದೇಶದಲ್ಲಿ, ಒಂದೇ ಲೋಹದ ಮೇಲೆ, ಒಂದೂವರೆ ದಶಕದಲ್ಲಿ ಇಷ್ಟೊಂದು ಬದಲಾವಣೆ ಏಕೆ ಬೇಕಾಯಿತು ಎಂಬುದು ನನ್ನ ಮೊದಲ ಪ್ರಶ್ನೆ. ಲಾಭದ ಮೇಲೆ ಶೇ 30ರ ಕಾರ್ಪೊರೇಟ್ ತೆರಿಗೆ ಇದ್ದಾಗಲೂ, ಲಾಭವಿರಲಿ ನಷ್ಟವಿರಲಿ ಕೊಡಲೇಬೇಕಾದ ರಾಜಧನಕ್ಕೆ ಸರ್ಕಾರ ಇಷ್ಟು ಜೋತುಬಿದ್ದಿರುವುದೇಕೆ ಎಂಬುದು ಎರಡನೆಯದು. ದರವನ್ನು ಏರಿಸಿದರೆ ಆದಾಯ ಏರಬೇಕು ಎಂದುಕೊಂಡು ಪ್ರಬಂಧ ಆರಂಭಿಸಿದ ನನಗೆ, ಈಗ ಆ ಗೃಹೀತವೇ ಸರಿಯಲ್ಲವೇನೋ ಎನ್ನಿಸುತ್ತಿದೆ.

ಉತ್ತರ 1: ಲೆಕ್ಕಪರಿಶೋಧಕಿ

ನಿಮ್ಮ ಗುರುತಿನ ಪಟ್ಟಿ ಸರಿಯಾಗಿದೆ, ಆದರೆ ಅದು ತಡವಾಗಿ ಆರಂಭವಾಗುತ್ತದೆ. ಜಾಂಬಿಯಾದ ಸರ್ಕಾರಗಳು ರಾಜಧನವನ್ನು ಬಿಡದೆ ಹಿಡಿದುಕೊಂಡಿರುವುದರ ಕಾರಣ ತಿಳಿಯಬೇಕಾದರೆ 1964ರ ಅಕ್ಟೋಬರ್ ತಿಂಗಳಿಗೆ ಹೋಗಬೇಕು. ಉತ್ತರ ರೊಡೇಷಿಯಾದ, ಅಂದರೆ ವಸಾಹತು ಕಾಲದ ಜಾಂಬಿಯಾದ, ಖನಿಜದ ಹಕ್ಕು ಅಲ್ಲಿಯವರೆಗೂ ವಸಾಹತು ಸರ್ಕಾರದ್ದೂ ಆಗಿರಲಿಲ್ಲ. ಅದು ಬ್ರಿಟಿಷ್ ಸೌತ್ ಆಫ್ರಿಕಾ ಕಂಪನಿ ಎಂಬ ಖಾಸಗಿ ಸಂಸ್ಥೆಯದಾಗಿತ್ತು. ಅಗೆಯುವ ಕೆಲಸಕ್ಕೆ ಕೈಹಾಕದ ಆ ಕಂಪನಿ, ಅಗೆಯುವವರಿಂದ ದಶಕಗಳ ಕಾಲ ರಾಜಧನ ಪಡೆಯಿತು. ಅಕ್ಟೋಬರ್ 24ರಂದು ಸ್ವಾತಂತ್ರ್ಯ ಬರಲಿರುವಾಗ, ಅದರ ಹಿಂದಿನ ಕೆಲವೇ ದಿನಗಳಲ್ಲಿ, 40 ಲಕ್ಷ ಪೌಂಡ್‌ಗಳ ಪರಿಹಾರ ಪಡೆದು ಆ ಹಕ್ಕನ್ನು ಬಿಟ್ಟುಕೊಟ್ಟಿತು. ತಮ್ಮ ನೆಲದ ತಾಮ್ರದ ರಾಜಧನ ತಮಗೆ ಬರುವುದಕ್ಕೂ ಹಣ ತೆತ್ತ ದೇಶ ಅದು. ರಾಜಧನ ಎಂಬ ಪದಕ್ಕೆ ಅಲ್ಲಿ ತೆರಿಗೆ ಎನ್ನುವುದಕ್ಕಿಂತ ಒಡೆತನದ ಗುರುತು ಎಂಬ ಅರ್ಥ ಗಾಢವಾಗಿ ಅಂಟಿಕೊಂಡಿರುವುದನ್ನು ನೀವು ಪ್ರಬಂಧದಲ್ಲಿ ಹೇಳದೆ ಬಿಡಬಾರದು.

1969ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕೆನೆತ್ ಕೌಂಡಾ ಲುಸಾಕಾದ ಮಟೆರೊದಲ್ಲಿ, ಗಣಿ ಕಂಪನಿಗಳ ಶೇ 51ರಷ್ಟು ಪಾಲನ್ನು ಸರ್ಕಾರ ವಹಿಸಿಕೊಳ್ಳುವುದಾಗಿ ಘೋಷಿಸಿದರು. ಮರುವರ್ಷದಿಂದ ರಾಜಧನದ ಬದಲು ಲಾಭದ ಮೇಲಿನ ಖನಿಜ ತೆರಿಗೆ ಬಂತು. ತಾಮ್ರದ ಬೆಲೆ ಚೆನ್ನಾಗಿದ್ದ ಕೆಲವು ವರ್ಷ ಈ ವ್ಯವಸ್ಥೆ ನಡೆಯಿತು. 1975ರಲ್ಲಿ ಬೆಲೆ ಕುಸಿದಾಗ ಲಾಭವೂ ಹೋಯಿತು, ಅದರೊಂದಿಗೆ ತೆರಿಗೆಯೂ ಹೋಯಿತು. ದೇಶದ ಎರಡು ಗಣಿ ಸಂಸ್ಥೆಗಳನ್ನು ಕೂಡಿಸಿ 1982ರಲ್ಲಿ ರಚಿಸಿದ ಸರ್ಕಾರಿ ಸಂಸ್ಥೆ ಸಾಲದಲ್ಲಿ ಮುಳುಗಿತು. ಒಮ್ಮೆ ವರ್ಷಕ್ಕೆ ಸುಮಾರು 7 ಲಕ್ಷ ಟನ್ ಇದ್ದ ಉತ್ಪಾದನೆ, 2000ದ ಹೊತ್ತಿಗೆ ಎರಡೂವರೆ ಲಕ್ಷ ಟನ್ನಿನ ಆಸುಪಾಸಿಗೆ ಇಳಿದಿತ್ತು. ಅಂಥ ಸ್ಥಿತಿಯಲ್ಲಿ ಮಾರಾಟಕ್ಕೆ ಕುಳಿತವರು ಚೌಕಾಸಿ ಮಾಡುವ ಬಲವನ್ನು ಕಳೆದುಕೊಂಡಿದ್ದರು. ಶೇ 0.6ರ ರಾಜಧನ, ಶೇ 25ರ ಕಾರ್ಪೊರೇಟ್ ತೆರಿಗೆ, ದೀರ್ಘಕಾಲ ತೆರಿಗೆ ಬದಲಿಸುವುದಿಲ್ಲವೆಂಬ ಮಾತು, ಇವೆಲ್ಲ ಆ ಒಪ್ಪಂದಗಳಲ್ಲಿ ಸೇರಿಕೊಂಡದ್ದು ಹೀಗೆ.

ಒಪ್ಪಂದಗಳಿಗೆ ಸಹಿ ಬಿದ್ದು ಕೆಲವೇ ವರ್ಷಗಳಲ್ಲಿ ತಾಮ್ರದ ಬೆಲೆ ಏರತೊಡಗಿತು. ಗಣಿಗಳಿಂದ ಲೋಹ ಹೊರಟುಹೋಗುತ್ತಿದ್ದರೂ ಬೊಕ್ಕಸಕ್ಕೆ ಬರುತ್ತಿದ್ದದ್ದು ಬಹಳ ಕಡಿಮೆ. ಅಧ್ಯಕ್ಷ ಲೆವಿ ಮ್ವಾನಾವಾಸಾ ಅವರ ಸರ್ಕಾರ 2008ರಲ್ಲಿ ಕಾಯಿದೆಯ ಮೂಲಕ ಆ ಒಪ್ಪಂದಗಳನ್ನೇ ಅನೂರ್ಜಿತಗೊಳಿಸಿ, ಶೇ 3ರ ರಾಜಧನದೊಂದಿಗೆ ವಿಶೇಷ ತೆರಿಗೆಯನ್ನೂ ವಿಧಿಸಿತು. ನನ್ನ ಮಟ್ಟಿಗೆ ಹೇಳುವುದಾದರೆ ಆ ಹೆಜ್ಜೆ ನ್ಯಾಯವಾಗಿತ್ತು, ಆದರೆ ಗಳಿಗೆ ಕೆಟ್ಟದಾಗಿತ್ತು. 2008ರ ಜುಲೈನಲ್ಲಿ ಟನ್ನಿಗೆ 8,000 ಡಾಲರ್ ದಾಟಿದ್ದ ಬೆಲೆ ಡಿಸೆಂಬರ್ ವೇಳೆಗೆ 3,000 ಡಾಲರ್‌ಗೆ ಬಿದ್ದಿತ್ತು. ಮ್ವಾನಾವಾಸಾ ಆ ವರ್ಷದ ಆಗಸ್ಟ್‌ನಲ್ಲಿ ತೀರಿಕೊಂಡರು. ಅವರ ನಂತರ ಬಂದ ರೂಪಿಯಾ ಬಂಡಾ ಅವರ ಸರ್ಕಾರ 2009ರಲ್ಲಿ ವಿಶೇಷ ತೆರಿಗೆಯನ್ನು ತೆಗೆದುಹಾಕಿತು. ತರುವಾಯ ಬೆಲೆ ಮತ್ತೆ ಏರಿದಾಗ ಅದನ್ನು ಹಿಡಿಯಲು ಕೈಯಲ್ಲಿ ಬಲೆ ಇರಲಿಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಲಾಭದ ಮೇಲಿನ ತೆರಿಗೆ ಸಿದ್ಧಾಂತದಲ್ಲಿ ಎಷ್ಟೇ ಚೆನ್ನಾಗಿದ್ದರೂ, ಲಾಭ ಎಂಬುದು ಲೆಕ್ಕದ ಪುಸ್ತಕದಲ್ಲಿ ಹುಟ್ಟುವ ಅಂಕಿ. ಗಣಿ ಕಂಪನಿ ತನ್ನ ತಾಮ್ರವನ್ನು ವಿದೇಶದಲ್ಲಿರುವ ತನ್ನದೇ ಬಳಗದ ವ್ಯಾಪಾರಿ ಕಂಪನಿಗೆ ಮಾರುತ್ತದೆ. ಆಡಳಿತ ಸೇವೆಗೆಂದು, ಸಾಲದ ಬಡ್ಡಿಗೆಂದು, ಯಂತ್ರದ ಬಾಡಿಗೆಗೆಂದು ಅದೇ ಬಳಗಕ್ಕೆ ಹಣ ಕಳುಹಿಸುತ್ತದೆ. ಇವುಗಳಲ್ಲಿ ಪ್ರತಿಯೊಂದೂ ನ್ಯಾಯವಾಗಿರಬಹುದು, ಅನ್ಯಾಯವಾಗಿಯೂ ಇರಬಹುದು. ಯಾವುದು ಹೇಗೆಂದು ಹೇಳಲು ತೆರಿಗೆ ಅಧಿಕಾರಿಗೆ ವರ್ಷಗಟ್ಟಲೆ ಸಮಯ ಬೇಕು. ಮೊಪಾನಿ ಗಣಿಯ ಪ್ರಕರಣವನ್ನು ಇದಕ್ಕಾಗಿಯೇ ಪೂರ್ತಿ ಓದಿ. ಮೊಪಾನಿ ತನ್ನ ತಾಮ್ರವನ್ನು ಅಂದಿನ ಒಡೆಯ ಗ್ಲೆನ್‌ಕೋರ್ ಬಳಗದ ಕಂಪನಿಗೆ ಮಾರಿದ ಬೆಲೆ, ಸಂಬಂಧವಿಲ್ಲದ ಇಬ್ಬರ ನಡುವೆ ನಡೆಯುವ ಬೆಲೆಯಾಗಿರಲಿಲ್ಲ ಎಂದು ಜಾಂಬಿಯಾ ಕಂದಾಯ ಪ್ರಾಧಿಕಾರ ವಾದಿಸಿತು. ವಿವಾದ 2006ರಿಂದ ಮುಂದಿನ ಕೆಲವು ವರ್ಷಗಳ ವ್ಯವಹಾರದ್ದು. ದೇಶದ ಸುಪ್ರೀಂ ಕೋರ್ಟ್ ಪ್ರಾಧಿಕಾರದ ಪರವಾಗಿ ತೀರ್ಪು ಕೊಟ್ಟದ್ದು 2020ರ ಮೇ ತಿಂಗಳಲ್ಲಿ. ಮೊತ್ತ ಜಾಂಬಿಯಾದ ನಾಣ್ಯದಲ್ಲಿ ಸುಮಾರು 24 ಕೋಟಿ ಕ್ವಾಚಾ, ಅಂದರೆ ಆಗಿನ ಲೆಕ್ಕದಲ್ಲಿ 1.3 ಕೋಟಿ ಡಾಲರ್ ಆಸುಪಾಸು. ಗೆಲುವು ದೊಡ್ಡದು, ಆಫ್ರಿಕಾದ ಇತರ ನ್ಯಾಯಾಲಯಗಳಿಗೂ ಆಧಾರವಾಗಬಲ್ಲದು. ಆದರೆ ಬಂದ ಹಣಕ್ಕಾಗಿ ಒಂದು ದಶಕ ಕಾಯಬೇಕಾಯಿತು.

ರಾಜಧನಕ್ಕೆ ಈ ತೊಡಕು ಕಡಿಮೆ. ಕಂಪನಿ ಎಷ್ಟಕ್ಕೆ ಮಾರಿತು ಎಂದು ಕಾಯಿದೆ ಕೇಳುವುದಿಲ್ಲ; ಲಂಡನ್ ಮೆಟಲ್ ಎಕ್ಸ್‌ಚೇಂಜ್‌ನ ಆ ತಿಂಗಳ ಸರಾಸರಿ ಬೆಲೆಯನ್ನು ಲೋಹದ ಪ್ರಮಾಣದಿಂದ ಗುಣಿಸಿ, ಬಂದ ಮೊತ್ತದ ಮೇಲೆ ದರ ಹಾಕುತ್ತದೆ. ಹೀಗಾಗಿ ತೂಕ ಮತ್ತು ಲೋಹಾಂಶ ಇವೆರಡನ್ನು ಸರಿಯಾಗಿ ಅಳೆದರೆ ಸಾಕು. ಕಡಿಮೆ ಸಿಬ್ಬಂದಿಯ, ಕಡಿಮೆ ಮಾಹಿತಿಯ ಇಲಾಖೆಯೊಂದು ನಿಜವಾಗಿ ವಸೂಲು ಮಾಡಬಲ್ಲ ತೆರಿಗೆ ಇದು. ಜಾಂಬಿಯಾ ಅದಕ್ಕೆ ಜೋತುಬಿದ್ದದ್ದನ್ನು ನಾನು ಹಟ ಎನ್ನಲಾರೆ, ಅನುಭವ ಕಲಿಸಿದ ಎಚ್ಚರ ಎನ್ನುತ್ತೇನೆ.

ಉತ್ತರ 2: ಗಣಿ ಎಂಜಿನಿಯರ್, ನಿವೃತ್ತ

ಮೇಲಿನ ಉತ್ತರದ ಇತಿಹಾಸ ಭಾಗವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ತೀರ್ಮಾನವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ರಾಜಧನ ವಸೂಲಿಗೆ ಸುಲಭ ಎಂಬುದು ನಿಜ; ಆದರೆ ಅದು ನೆಲದಡಿಯ ಅದಿರಿಗೆ ಏನು ಮಾಡುತ್ತದೆ ಎಂಬುದನ್ನು ತೆರಿಗೆಯವರು ಸಾಮಾನ್ಯವಾಗಿ ನೋಡುವುದಿಲ್ಲ.

ಗಣಿಯಲ್ಲಿ ಪ್ರತಿದಿನವೂ ನಾವು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಬಂಡೆಯಲ್ಲಿರುವ ಲೋಹ ಅದನ್ನು ತೆಗೆಯುವ ಖರ್ಚನ್ನು ತೀರಿಸುತ್ತದೆಯೇ? ತೀರಿಸುವ ಕನಿಷ್ಠ ಲೋಹಾಂಶಕ್ಕಿಂತ ಕೆಳಗಿನದು ಅದಿರಲ್ಲ, ಬರಿಯ ಕಲ್ಲು. ಪ್ರತಿ ಟನ್ ಲೋಹದ ಮೇಲೂ ಬೀಳುವ ರಾಜಧನವು ಖರ್ಚಿಗೆ ಸೇರಿಕೊಳ್ಳುವುದರಿಂದ ಆ ಗೆರೆಯನ್ನು ಮೇಲಕ್ಕೆ ತಳ್ಳುತ್ತದೆ. ನಿನ್ನೆಯವರೆಗೆ ಅದಿರಾಗಿದ್ದದ್ದು ದರ ಏರಿದ ಮರುದಿನ ಕಲ್ಲಾಗುತ್ತದೆ. ಹಾಗೆ ಬಿಟ್ಟುಬಂದ ಅದಿರಿಗೆ ಮತ್ತೆ ಹೋಗುವುದು ಸುರಂಗ ಗಣಿಯಲ್ಲಿ ಬಹಳ ಸಲ ಸಾಧ್ಯವಿರುವುದಿಲ್ಲ. ಸುತ್ತಲಿನದನ್ನು ತೆಗೆದ ಮೇಲೆ ಆ ಭಾಗ ಕುಸಿದಿರುತ್ತದೆ, ಇಲ್ಲವೇ ನೀರು ತುಂಬಿರುತ್ತದೆ. ದೇಶ ಆ ಲೋಹವನ್ನು ಶಾಶ್ವತವಾಗಿ ಕಳೆದುಕೊಂಡಂತೆಯೇ.

ಜಾಂಬಿಯಾದಲ್ಲಿ ಈ ವಿಷಯ ಇನ್ನಷ್ಟು ಸೂಕ್ಷ್ಮ, ಏಕೆಂದರೆ ಅಲ್ಲಿ ಎರಡು ಬಗೆಯ ಗಣಿಗಳಿವೆ. ಕಾಪರ್‌ಬೆಲ್ಟ್ ಪ್ರಾಂತದ ಕಿಟ್ವೆ, ಮುಫುಲಿರಾ, ಚಿಲಿಲಾಬೊಂಬ್ವೆಗಳಲ್ಲಿರುವುದು ಹಳೆಯ, ಆಳವಾದ ಸುರಂಗ ಗಣಿಗಳು. ಚಿಲಿಲಾಬೊಂಬ್ವೆಯ ಕೊಂಕೊಲಾ ಗಣಿಯಂತೂ ಜಗತ್ತಿನಲ್ಲೇ ಅತಿ ಹೆಚ್ಚು ನೀರು ಒಸರುವ ಗಣಿಗಳಲ್ಲಿ ಒಂದು. ಅಲ್ಲಿ ಅಗೆಯುವುದಕ್ಕಿಂತ ಮೊದಲು ಹಗಲು ರಾತ್ರಿ ನೀರೆತ್ತಬೇಕು. ವಾಯವ್ಯ ಪ್ರಾಂತದ ಕನ್ಸಾನ್ಶಿ, ಲುಮ್ವಾನಾ, ಸೆಂಟಿನೆಲ್‌ಗಳು ಹೊಸ ತಲೆಮಾರಿನ ದೊಡ್ಡ ತೆರೆದ ಗಣಿಗಳು. ಅಲ್ಲಿ ಖರ್ಚಿನ ಲೆಕ್ಕವೇ ಬೇರೆ. ಈ ಎರಡಕ್ಕೂ ಒಂದೇ ದರ ಹಾಕಿದರೆ ಹಳೆಯದು ಉಸಿರು ಬಿಡಲಾರದು, ಹೊಸದಕ್ಕೆ ಬಿಸಿಯೂ ತಟ್ಟದು. 2015ರಲ್ಲಿ ಸರ್ಕಾರ ಎರಡನ್ನೂ ಬೇರ್ಪಡಿಸಲು ಹೊರಟದ್ದು ಸರಿಯಾದ ಯೋಚನೆಯೇ. ಆದರೆ ತೆರೆದ ಗಣಿಗಳಿಗೆ ಶೇ 20 ಎಂಬ ಅಂಕಿ, ಅದೂ ಗಣಿಗಾರಿಕೆಯ ಮೇಲಿನ ಕಾರ್ಪೊರೇಟ್ ತೆರಿಗೆಯನ್ನೇ ಕೈಬಿಟ್ಟು ಎಲ್ಲವನ್ನೂ ರಾಜಧನದ ಮೇಲೆ ಹೇರಿದ್ದು, ಬೆಲೆ ಇಳಿಯುತ್ತಿದ್ದ ಕಾಲದಲ್ಲಿ ನಿಲ್ಲುವಂಥದ್ದಾಗಿರಲಿಲ್ಲ. ಲುಮ್ವಾನಾದ ಒಡೆತನ ಹೊಂದಿರುವ ಬ್ಯಾರಿಕ್ ಕಂಪನಿ 2014ರ ಡಿಸೆಂಬರ್‌ನಲ್ಲೇ ಆ ಗಣಿಯ ಕೆಲಸ ನಿಲ್ಲಿಸುವುದಾಗಿ ಹೇಳಿತು. ಆರು ತಿಂಗಳಲ್ಲಿ ಕಾನೂನು ಹಿಂದೆ ಸರಿಯಿತು. ಅದು ಬರಿಯ ಬೆದರಿಕೆಯಾಗಿತ್ತೇ ಎಂದು ಕೇಳುವವರಿದ್ದಾರೆ. ಶೇ 20ರಲ್ಲಿ ಅಂಥ ಕಡಿಮೆ ಲೋಹಾಂಶದ ಗಣಿ ನಡೆಯುವುದು ಕಷ್ಟ ಎಂದು ಎಂಜಿನಿಯರನಾಗಿ ನನಗೆ ಅನ್ನಿಸುತ್ತದೆ.

ಇದಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಅಸ್ಥಿರತೆ. ಸುರಂಗವನ್ನು ಹೊಸ ಆಳಕ್ಕೆ ಇಳಿಸುವ ಕೆಲಸ ಆರೇಳು ವರ್ಷಗಳದ್ದು. ಹಣ ಮರಳಿ ಬರುವುದು ಅದರ ನಂತರ. ಅಷ್ಟರಲ್ಲಿ ಮೂರು ಬಾರಿ ತೆರಿಗೆ ಬದಲಾಗುತ್ತದೆ ಎಂದು ಗೊತ್ತಿದ್ದವನು ಆಳಕ್ಕೆ ಇಳಿಯುವುದಿಲ್ಲ, ಇರುವುದನ್ನು ಬೇಗ ಕೆರೆದುಕೊಂಡು ಹೋಗುತ್ತಾನೆ. 2021ರಲ್ಲಿ ಗ್ಲೆನ್‌ಕೋರ್ ಮೊಪಾನಿಯನ್ನು ಸರ್ಕಾರಿ ಹೂಡಿಕೆ ಸಂಸ್ಥೆಗೆ ಬಿಟ್ಟುಕೊಟ್ಟಾಗ ಕಾಗದದ ಮೇಲಿನ ಬೆಲೆ 1 ಡಾಲರ್, ಅದರೊಂದಿಗೆ ಬಂದ ಸಾಲ 150 ಕೋಟಿ ಡಾಲರ್. ದೇಶವೇ ವಿದೇಶಿ ಸಾಲ ತೀರಿಸಲಾಗದೆ ಕೈಚೆಲ್ಲಿ ಕೆಲವೇ ತಿಂಗಳಾಗಿತ್ತಷ್ಟೆ.

ಖನಿಜನೀತಿ ವಿದ್ಯಾರ್ಥಿ

ಇಬ್ಬರಿಗೂ ಕೃತಜ್ಞತೆಗಳು. ಕನಿಷ್ಠ ಲೋಹಾಂಶದ ಗೆರೆಯ ವಿಚಾರ ನನ್ನ ಗಮನಕ್ಕೇ ಬಂದಿರಲಿಲ್ಲ. ಅದಕ್ಕೊಂದು ಅಧ್ಯಾಯವನ್ನೇ ಮೀಸಲಿಡಬೇಕೆನ್ನಿಸುತ್ತಿದೆ.

ಇನ್ನೆರಡು ಸಂದೇಹಗಳಿವೆ. 2019ರ ಪಟ್ಟಿಗೂ 2023ರ ಪಟ್ಟಿಗೂ ಗರಿಷ್ಠ ದರ ಶೇ 10 ಎಂದೇ ಇದೆ. ಹಾಗಿದ್ದರೆ ಬದಲಾದದ್ದು ಏನು? ಎರಡನೆಯದಾಗಿ, ಕಂಪನಿ ಸರಿಯಾಗಿ ನಡೆದುಕೊಳ್ಳದಿದ್ದರೆ ಪರವಾನಗಿಯನ್ನೇ ಹಿಂದಕ್ಕೆ ಪಡೆಯುವ ಅಧಿಕಾರ ಸರ್ಕಾರಕ್ಕೆ ಇದ್ದೇ ಇರುತ್ತದಲ್ಲವೇ? ಕೊಂಕೊಲಾ ಗಣಿಯ ವಿಷಯದಲ್ಲಿ 2019ರಲ್ಲಿ ಅದನ್ನು ಬಳಸಿದರು ಎಂದು ಬರೆಯಬಹುದೇ?

ಉತ್ತರ 1: ಲೆಕ್ಕಪರಿಶೋಧಕಿ

ಮೊದಲನೆಯದಕ್ಕೆ ಒಂದು ಲೆಕ್ಕ ಮಾಡಿ ತೋರಿಸುತ್ತೇನೆ, ಇದು ಮಾತಿನಲ್ಲಿ ಸಿಗುವುದಿಲ್ಲ. 2019ರ ಪಟ್ಟಿಯಲ್ಲಿ ಬೆಲೆ 7,500ರಿಂದ 9,000 ಡಾಲರ್ ಒಳಗಿದ್ದರೆ ಇಡೀ ಮೌಲ್ಯದ ಮೇಲೆ ಶೇ 8.5, ಅದರ ಮೇಲೆ ಹೋದರೆ ಇಡೀ ಮೌಲ್ಯದ ಮೇಲೆ ಶೇ 10. ಅಂದರೆ ಬೆಲೆ 8,999 ಡಾಲರ್ ಇದ್ದಾಗ ಟನ್ನಿಗೆ ಸುಮಾರು 765 ಡಾಲರ್ ರಾಜಧನ. 9,001 ಡಾಲರ್ ಆದಾಗ ಸುಮಾರು 900. ಬೆಲೆ ಎರಡು ಡಾಲರ್ ಏರಿದ್ದಕ್ಕೆ ಕಂಪನಿ 135 ಡಾಲರ್ ಹೆಚ್ಚಿಗೆ ಕೊಡಬೇಕಾಗುತ್ತಿತ್ತು. ಮೆಟ್ಟಿಲಿನ ಅಂಚಿನಲ್ಲಿ ನಿಂತವರಿಗೆ ಬೆಲೆ ಏರುವುದೇ ನಷ್ಟ ಎಂಬ ಸ್ಥಿತಿ ಅದು.

2023ರಿಂದ ಆದಾಯ ತೆರಿಗೆಯಂತೆ ಹಂತಹಂತವಾಗಿ ಲೆಕ್ಕ. ಮೊದಲ 4,000 ಡಾಲರ್ ಮೇಲೆ ಶೇ 4, ಮುಂದಿನ 1,000 ಮೇಲೆ ಶೇ 6.5, ಅದರ ಮುಂದಿನ 2,000 ಮೇಲೆ ಶೇ 8.5, 7,000 ದಾಟಿದ ಭಾಗಕ್ಕೆ ಮಾತ್ರ ಶೇ 10. ಬೆಲೆ 9,000 ಡಾಲರ್ ಇದ್ದರೆ 160, 65, 170 ಮತ್ತು 200 ಸೇರಿ 595 ಡಾಲರ್ ಆಗುತ್ತದೆ. ಒಟ್ಟು ಮೌಲ್ಯದ ಶೇ 6.6. ಗರಿಷ್ಠ ದರ ಎರಡೂ ಕಡೆ ಒಂದೇ ಆಗಿ ಕಂಡರೂ ಸರ್ಕಾರದ ಪಾಲು ಚೆನ್ನಾಗಿಯೇ ಇಳಿದಿದೆ. ಇದರೊಂದಿಗೆ ಇನ್ನೊಂದನ್ನು ಸೇರಿಸಿ ನೋಡಬೇಕು. 2019ರಿಂದ ಮೂರು ವರ್ಷ, ರಾಜಧನವಾಗಿ ಕೊಟ್ಟ ಹಣವನ್ನು ಖರ್ಚೆಂದು ತೋರಿಸಿ ಕಾರ್ಪೊರೇಟ್ ತೆರಿಗೆಯಲ್ಲಿ ವಿನಾಯಿತಿ ಪಡೆಯುವಂತಿರಲಿಲ್ಲ. 2022ರಿಂದ ಆ ಅವಕಾಶ ಮರಳಿ ಬಂದಿದೆ. ಲಾಭದಲ್ಲಿರುವ ಕಂಪನಿಗೆ 595 ಡಾಲರ್ ರಾಜಧನದಿಂದ 178 ಡಾಲರ್‌ನಷ್ಟು ತೆರಿಗೆ ಉಳಿಯುತ್ತದೆ. ದರದ ಪಟ್ಟಿಯನ್ನು ಮಾತ್ರ ಹೋಲಿಸಿ ಬರೆದ ಲೇಖನಗಳು ದಾರಿ ತಪ್ಪಿಸುವುದು ಇಲ್ಲಿಯೇ. ದಯವಿಟ್ಟು ನೀವು ಆ ತಪ್ಪನ್ನು ಮಾಡಬೇಡಿ.

ಎಂಜಿನಿಯರ್ ಅವರು ಹೇಳಿದ ಅಸ್ಥಿರತೆಯ ಮಾತಿಗೆ ನನ್ನ ಒಪ್ಪಿಗೆಯಿದೆ. ಅದಕ್ಕೆ ಇನ್ನೊಂದು ಉದಾಹರಣೆ ಸೇರಿಸುವೆ, ಇದು ದರಕ್ಕೆ ಸಂಬಂಧಿಸಿದ್ದಲ್ಲ. ರಫ್ತು ಮಾಡಿದವರಿಗೆ ಮೌಲ್ಯವರ್ಧಿತ ತೆರಿಗೆಯನ್ನು ಮರಳಿಸಬೇಕಾದರೆ, ಸರಕು ತಲುಪಿದ ದೇಶದ ಆಮದು ದಾಖಲೆಯನ್ನು ತರಬೇಕೆಂಬ 18ನೇ ನಿಯಮವನ್ನು ಕಂದಾಯ ಪ್ರಾಧಿಕಾರ 2013ರ ಹೊತ್ತಿಗೆ ಬಿಗಿಯಾಗಿ ಜಾರಿಗೊಳಿಸಿತು. ತಾಮ್ರವನ್ನು ಕೊಂಡ ವ್ಯಾಪಾರಿ ಒಂದು ದೇಶದಲ್ಲಿ, ಲೋಹ ಇಳಿಯುವ ಬಂದರು ಇನ್ನೊಂದರಲ್ಲಿ. ಮಾರಿದವರ ಕೈಗೆ ಆ ಕಾಗದ ಸಿಗುವುದೇ ಇಲ್ಲ. ಸುಮಾರು 60 ಕೋಟಿ ಡಾಲರ್ ಮರುಪಾವತಿ ತಡೆಹಿಡಿಯಲ್ಪಟ್ಟು, 2015ರಲ್ಲಿ ನಿಯಮ ಸಡಿಲಿಸಬೇಕಾಯಿತು. ಲೋಹ ಎಲ್ಲಿಗೆ ಹೋಗುತ್ತದೆಂದು ತಿಳಿಯುವ ಸರ್ಕಾರದ ಆಸೆ ಸರಿಯಾದದ್ದೇ. ಆದರೆ ಅದಕ್ಕೆ ಆರಿಸಿಕೊಂಡ ಬಾಗಿಲು ತಪ್ಪಾಗಿತ್ತು.

ಉತ್ತರ 3: ಕಾನೂನು ಅಧ್ಯಾಪಕಿ

ಪರವಾನಗಿಯ ಪ್ರಶ್ನೆ ಬಂದದ್ದರಿಂದ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಕೊಂಕೊಲಾ ವಿಷಯದಲ್ಲಿ ಪರವಾನಗಿ ರದ್ದುಮಾಡುವ ಅಧಿಕಾರವನ್ನು ಬಳಸಿದರು ಎಂದು ಬರೆದರೆ ಅದು ತಪ್ಪಾಗುತ್ತದೆ.

2015ರ ಗಣಿ ಮತ್ತು ಖನಿಜ ಅಭಿವೃದ್ಧಿ ಕಾಯಿದೆಯ ಪ್ರಕಾರ ದೇಶದ ನೆಲದಲ್ಲಿ ಎಲ್ಲೇ ಖನಿಜವಿದ್ದರೂ ಅದರ ಒಡೆತನ ಗಣರಾಜ್ಯದ ಪರವಾಗಿ ಅಧ್ಯಕ್ಷರಲ್ಲಿ ನೆಲೆಸಿರುತ್ತದೆ. ಮೇಲಿನ ಹೊಲ ಯಾರದೇ ಆಗಿರಲಿ, ಕೆಳಗಿನ ಅದಿರು ಅವರದಲ್ಲ. ಆ ಕಾಯಿದೆಯಡಿ ಅನ್ವೇಷಣಾ ಪರವಾನಗಿ ಮೊದಲಿಗೆ ನಾಲ್ಕು ವರ್ಷಕ್ಕೆ ದೊರೆಯುತ್ತಿತ್ತು, ನವೀಕರಣಗಳನ್ನು ಸೇರಿಸಿದರೂ ಹತ್ತು ವರ್ಷ ಮೀರುವಂತಿರಲಿಲ್ಲ. ದೊಡ್ಡ ಪ್ರಮಾಣದ ಗಣಿಗಾರಿಕೆಗೆ 25 ವರ್ಷಗಳವರೆಗೆ ಪರವಾನಗಿ ಸಿಗುತ್ತಿತ್ತು. ಕೈಕೆಲಸದ ಸಣ್ಣ ಗಣಿಗಾರಿಕೆಯನ್ನು ಜಾಂಬಿಯಾದ ಪ್ರಜೆಗಳಿಗೆ ಮಾತ್ರ ಕಾಯ್ದಿರಿಸಲಾಗಿತ್ತು. ಪರವಾನಗಿಗಳ ವಿತರಣೆಯಲ್ಲಿ ಅವ್ಯವಹಾರದ ದೂರುಗಳು ಹೆಚ್ಚಿದ್ದರಿಂದ, ಅಧ್ಯಕ್ಷ ಹಕಾಇಂಡೆ ಹಿಚಿಲೆಮಾ ಅವರ ಸರ್ಕಾರ 2022ರಲ್ಲಿ ಹೊಸ ಪರವಾನಗಿ ಕೊಡುವುದನ್ನು ಕೆಲಕಾಲ ನಿಲ್ಲಿಸಿ ಇರುವವುಗಳ ತಪಾಸಣೆ ನಡೆಸಿತು. 2024ರಲ್ಲಿ ಖನಿಜ ನಿಯಂತ್ರಣ ಆಯೋಗವನ್ನು ಸ್ಥಾಪಿಸುವ ಕಾಯಿದೆ ಬಂತು. ಪರವಾನಗಿ ಕೊಡುವವರೂ ತಪಾಸಣೆ ಮಾಡುವವರೂ ಸಚಿವಾಲಯದ ಒಂದೇ ಸೂರಿನಡಿ ಇರಬಾರದು ಎಂಬ ಕಾಳಜಿ ಅದರ ಹಿಂದಿದೆ.

ಷರತ್ತು ಮುರಿದವರ ಪರವಾನಗಿಯನ್ನು ಅಮಾನತಿನಲ್ಲಿಡಲು, ರದ್ದುಪಡಿಸಲು ಕಾಯಿದೆಯಲ್ಲಿ ಅವಕಾಶವಿದೆ, ನಿಜ. ಆದರೆ ನೋಟಿಸ್ ಕೊಡಬೇಕು, ಸರಿಪಡಿಸಿಕೊಳ್ಳಲು ಕಾಲ ಕೊಡಬೇಕು, ಆಮೇಲೂ ಮೇಲ್ಮನವಿ ಇರುತ್ತದೆ. ಕೊಂಕೊಲಾದಲ್ಲಿ ಸರ್ಕಾರ ಈ ದಾರಿಯನ್ನು ಹಿಡಿಯಲಿಲ್ಲ. ವೇದಾಂತ ಕಂಪನಿ 2004ರಲ್ಲಿ ಆ ಗಣಿಯ ಶೇ 51ರಷ್ಟು ಪಾಲನ್ನು ಕೊಂಡು, ನಂತರ ಅದನ್ನು ಶೇ 79.4ಕ್ಕೆ ಹೆಚ್ಚಿಸಿಕೊಂಡಿತ್ತು, ಉಳಿದ ಶೇ 20.6 ಸರ್ಕಾರಿ ಹೂಡಿಕೆ ಸಂಸ್ಥೆಯದು. 2019ರ ಮೇ ತಿಂಗಳಲ್ಲಿ ಅರ್ಜಿ ಹಾಕಿದ್ದು ಪರವಾನಗಿ ಕೊಟ್ಟ ಸರ್ಕಾರವಾಗಿ ಅಲ್ಲ, ಷೇರುದಾರನಾಗಿ. ಕಂಪನಿಯನ್ನೇ ಸಮಾಪನಗೊಳಿಸಬೇಕೆಂದು, ಅಂದರೆ ಮುಚ್ಚಿ ಆಸ್ತಿ ವಿಲೇವಾರಿ ಮಾಡಬೇಕೆಂದು, ನ್ಯಾಯಾಲಯವನ್ನು ಕೇಳಲಾಯಿತು, ತಾತ್ಕಾಲಿಕ ಸಮಾಪಕರ ನೇಮಕವಾಯಿತು. ವೇಗವಾದ ಹಾದಿಯೆಂದು ಅದನ್ನು ಆರಿಸಿಕೊಂಡಿರಬಹುದು. ಆದರೆ ಷೇರುದಾರರ ಒಪ್ಪಂದದಲ್ಲಿ ಪಂಚಾಯ್ತಿಗೆ, ಎಂದರೆ ಮಧ್ಯಸ್ಥಿಕೆಗೆ ಹೋಗಬೇಕೆಂಬ ಕಲಮು ಇತ್ತು. ವೇದಾಂತ ಅದನ್ನೇ ಹಿಡಿದು ಹೋರಾಡಿತು, ಜಾಂಬಿಯಾದ ಮೇಲ್ಮನವಿ ನ್ಯಾಯಾಲಯವೇ 2020ರ ನವೆಂಬರ್‌ನಲ್ಲಿ ಸಮಾಪನ ಪ್ರಕ್ರಿಯೆಗೆ ತಡೆ ಕೊಟ್ಟಿತು. ಕೊನೆಗೆ 2024ರಲ್ಲಿ ಗಣಿ ವೇದಾಂತದ ಹಿಡಿತಕ್ಕೆ ಮರಳಿತು. ಐದು ವರ್ಷಗಳ ಕಾಲ ಹೊಸ ಹೂಡಿಕೆಯಿಲ್ಲದೆ ಗಣಿ ಸೊರಗಿತು, ಅದನ್ನೇ ನಂಬಿದ್ದ ಗುತ್ತಿಗೆದಾರರೂ ಕಾರ್ಮಿಕರೂ ಬಾಕಿ ಹಣಕ್ಕಾಗಿ ಕಾದರು. ಸರ್ಕಾರದ ದೂರುಗಳಲ್ಲಿ ಹುರುಳಿತ್ತೇ ಇಲ್ಲವೇ ಎಂಬುದನ್ನು ಬದಿಗಿಟ್ಟು ನೋಡಿದರೂ, ನಿಯಂತ್ರಕನೂ ಷೇರುದಾರನೂ ಒಬ್ಬನೇ ಆದಾಗ ಯಾವ ಟೋಪಿ ತೊಟ್ಟು ಮಾತಾಡುತ್ತಿದ್ದಾನೆಂಬುದು ಮಸುಕಾಗುವ ಅಪಾಯಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ.

ಇದೇ ಕಾರಣಕ್ಕೆ ಕನ್ಸಾನ್ಶಿಯಲ್ಲಿ ನಡೆದದ್ದನ್ನೂ ನೋಡಿ. ಅಲ್ಲಿ ಸರ್ಕಾರಿ ಹೂಡಿಕೆ ಸಂಸ್ಥೆಗೆ ಶೇ 20ರ ಪಾಲಿತ್ತು. ಲಾಭಾಂಶ ಯಾವಾಗ ಕೊಡಬೇಕು, ಎಷ್ಟು ಕೊಡಬೇಕು ಎಂಬುದು ಬಹುಮತದವರ ಕೈಯಲ್ಲಿದ್ದುದರಿಂದ ಜಗಳಗಳಾದವು. 2022ರ ಡಿಸೆಂಬರ್‌ನಲ್ಲಿ, ಲಾಭಾಂಶದ ಹಕ್ಕನ್ನು ಬಿಟ್ಟು ಗಣಿಯ ಆಯುಷ್ಯವಿಡೀ ಶೇ 3.1ರ ರಾಜಧನ ಪಡೆಯುವುದಕ್ಕೆ ಆ ಸಂಸ್ಥೆ ಒಪ್ಪಿತು. ಲೆಕ್ಕಪರಿಶೋಧಕಿ ಅವರ ವಾದಕ್ಕೆ ಇದು ಬಲ ಕೊಡುತ್ತದೆ ಎಂದು ಭಾವಿಸುತ್ತೇನೆ: ಸ್ವತಃ ಷೇರುದಾರನಾಗಿ ಮಂಡಳಿಯಲ್ಲಿ ಕುಳಿತವನೂ ಲಾಭದ ಲೆಕ್ಕಕ್ಕಿಂತ ಮಾರಾಟದ ಮೇಲಿನ ಪಾಲನ್ನೇ ನೆಚ್ಚಿಕೊಂಡ.

ಇಷ್ಟು ಹೊತ್ತಿನ ಚರ್ಚೆಯಲ್ಲಿ ಬಾರದೆ ಉಳಿದವರು ಗಣಿಯ ಪಕ್ಕದಲ್ಲಿ ಬದುಕುವವರು, ಅದು ನನಗೆ ಬೇಸರದ ವಿಷಯ. ಸಾಂಪ್ರದಾಯಿಕ ಹಿಡುವಳಿಯ ಭೂಮಿಯಲ್ಲಿ ಅಗೆಯಲು ಅಲ್ಲಿನ ನಾಡ ಮುಖ್ಯಸ್ಥರ ಒಪ್ಪಿಗೆ ಬೇಕೆಂದು 2015ರ ಕಾಯಿದೆ ಹೇಳಿತ್ತು. ಮುಖ್ಯಸ್ಥರು ಒಪ್ಪಿದ ಮಾತ್ರಕ್ಕೆ ಉಳುವವರು ಒಪ್ಪಿದಂತಾಗುವುದಿಲ್ಲ. ರಾಜಧನದಲ್ಲಿ ಗಣಿ ಪ್ರದೇಶಗಳಿಗೆ ಪಾಲು ಕೊಡುವ ವ್ಯವಸ್ಥೆಯನ್ನು 2008ರ ಕಾಯಿದೆಯಲ್ಲಿ ಬರೆದರು. ಅದು ಜಾರಿಗೆ ಬರಲಿಲ್ಲ. ನೆರೆಯ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ 2018ರ ಗಣಿ ಸಂಹಿತೆ ರಾಜಧನದ ಶೇ 25ನ್ನು ಪ್ರಾಂತಕ್ಕೂ ಶೇ 15ನ್ನು ಸ್ಥಳೀಯ ಆಡಳಿತಕ್ಕೂ ನೇರವಾಗಿ ಹಂಚಿಕೊಟ್ಟಿರುವುದನ್ನು ಇದರ ಪಕ್ಕದಲ್ಲಿಟ್ಟು ಹೋಲಿಸಬಹುದು. ಜಾಂಬಿಯಾದಲ್ಲಿ 2022ರಿಂದ ಪ್ರತಿ ಕ್ಷೇತ್ರದ ಅಭಿವೃದ್ಧಿ ನಿಧಿಯನ್ನು 16 ಲಕ್ಷ ಕ್ವಾಚಾದಿಂದ 2.57 ಕೋಟಿ ಕ್ವಾಚಾಕ್ಕೆ ಏರಿಸಿದ್ದು ಒಳ್ಳೆಯ ಕೆಲಸ. ಆದರೆ ಅದು ಎಲ್ಲ ಕ್ಷೇತ್ರಗಳಿಗೂ ಸಮನಾಗಿ ಹೋಗುವ ಹಣ, ಗಣಿಯ ಧೂಳು ಕುಡಿಯುವವರಿಗೆಂದು ಮೀಸಲಾದದ್ದಲ್ಲ.

ಚಿಂಗೋಲಾ ಬಳಿಯ 1,826 ಹಳ್ಳಿಗರು ನದಿ ನೀರು ಕೆಟ್ಟಿತೆಂದು ನ್ಯಾಯ ಕೇಳಲು ಇಂಗ್ಲೆಂಡಿನ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 2019ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಅವರು ಕೊಂಕೊಲಾ ಕಂಪನಿಯ ಮಾತೃಸಂಸ್ಥೆಯಾದ ವೇದಾಂತದ ವಿರುದ್ಧ ಅಲ್ಲಿಯೇ ಮೊಕದ್ದಮೆ ನಡೆಸಬಹುದೆಂದು ಹೇಳಿತು. ಇಂಥ ತಾಂತ್ರಿಕ ಮೊಕದ್ದಮೆಯನ್ನು ನಡೆಸಲು ಬೇಕಾದ ಹಣವೂ ಅನುಭವಿ ವಕೀಲರೂ ಬಡ ಹಳ್ಳಿಗರಿಗೆ ತಮ್ಮ ದೇಶದಲ್ಲಿ ದೊರೆಯಲಾರರು ಎಂಬುದು ಅದಕ್ಕೆ ನೀಡಿದ ಕಾರಣಗಳಲ್ಲಿ ಮುಖ್ಯವಾದದ್ದು. 2025ರ ಫೆಬ್ರುವರಿ 18ರಂದು ಚಂಬಿಶಿ ಸಮೀಪ ಗಣಿ ತ್ಯಾಜ್ಯದ ಕಟ್ಟೆ ಒಡೆದು ಆಮ್ಲಭರಿತ ಕೆಸರು ಕಫುಯೆ ನದಿಯ ಕಡೆಗೆ ಹರಿಯಿತು; ಕಿಟ್ವೆ ನಗರದ ನೀರು ಪೂರೈಕೆ ನಿಂತಿತು. ಆ ನದಿಯ ಜಲಾನಯನವನ್ನು ದೇಶದ ಅರ್ಧಕ್ಕಿಂತ ಹೆಚ್ಚು ಜನ ನೆಚ್ಚಿಕೊಂಡಿದ್ದಾರೆ. ಪರಿಸರ ಸಂರಕ್ಷಣಾ ನಿಧಿಗೆ ಕಂಪನಿಗಳು ಹಣ ಕಟ್ಟಬೇಕೆಂಬ ನಿಯಮವಿದೆ, ಪರಿಸರ ನಿರ್ವಹಣಾ ಸಂಸ್ಥೆಯ ಅನುಮತಿ ಬೇಕೆಂಬ ನಿಯಮವೂ ಇದೆ. ಕಟ್ಟೆಯನ್ನು ಹೋಗಿ ನೋಡುವ ಅಧಿಕಾರಿ, ಅವನಿಗೆ ವಾಹನ, ಅವನ ವರದಿಗೆ ಬೆಲೆ, ಇವು ಮೂರೂ ಒಟ್ಟಿಗೆ ಬೇಕು.

ಉತ್ತರ 2: ಗಣಿ ಎಂಜಿನಿಯರ್, ನಿವೃತ್ತ

ಅಧ್ಯಾಪಕಿ ಅವರ ಕೊನೆಯ ಮಾತಿಗೆ ಒಂದನ್ನು ಸೇರಿಸಬೇಕು. ರಾಜಧನ ವಸೂಲಿಗೆ ತೂಕವನ್ನೂ ಲೋಹಾಂಶವನ್ನೂ ಅಳೆದರೆ ಸಾಕು ಎಂದು ಮೊದಲ ಉತ್ತರದಲ್ಲಿತ್ತು. ಸಾಂದ್ರೀಕರಿಸಿದ ಅದಿರಿನ ಮಾದರಿಯನ್ನು ಯಾರು ತೆಗೆಯುತ್ತಾರೆ, ಯಾವ ಪ್ರಯೋಗಾಲಯ ಪರೀಕ್ಷಿಸುತ್ತದೆ, ಅದರೊಳಗಿನ ಕೋಬಾಲ್ಟ್ ಮತ್ತು ಚಿನ್ನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಯೇ ಎಂಬುದರ ಮೇಲೆ ಆ ಸಾಕು ಎಂಬ ಮಾತು ನಿಂತಿದೆ. ಲೋಹಾಂಶ ಶೇ 30 ಇರುವ ಸರಕನ್ನು ಶೇ 28 ಎಂದು ಬರೆದರೆ, ರಾಜಧನದ ದರ ಎಷ್ಟೇ ಇರಲಿ, ಹದಿನೈದರಲ್ಲೊಂದು ಪಾಲು ಹೋಯಿತೆಂದೇ ಅರ್ಥ. ದರದಲ್ಲಿ ಅರ್ಧ ಶೇಕಡಾ ಏರಿಸಲು ಸಂಸತ್ತಿನಲ್ಲಿ ವಾರಗಟ್ಟಲೆ ಚರ್ಚೆಯಾಗುತ್ತದೆ. ಮಾದರಿ ತೆಗೆಯುವ ಸಲಾಕೆಯ ಬಗ್ಗೆ ಯಾರೂ ಮಾತಾಡುವುದಿಲ್ಲ.

ಖನಿಜನೀತಿ ವಿದ್ಯಾರ್ಥಿ

ಪ್ರಬಂಧದ ಶೀರ್ಷಿಕೆಯಲ್ಲಿದ್ದ "ರಾಜಧನದ ದರಗಳು" ಎಂಬುದನ್ನು ತೆಗೆದು "ರಾಜಧನದ ಅಳತೆ ಮತ್ತು ವಸೂಲಿ" ಎಂದು ಬದಲಾಯಿಸಿದ್ದೇನೆ. ಕೊಂಕೊಲಾ ಅಧ್ಯಾಯವನ್ನು ಷೇರುದಾರರ ಒಪ್ಪಂದದ ಕಡೆಯಿಂದ ಮತ್ತೆ ಬರೆಯುತ್ತೇನೆ; ಅದು ಮುಗಿದಾಗ ಕರಡನ್ನು ಇಲ್ಲಿಯೇ ಹಾಕುತ್ತೇನೆ, ಮೂವರೂ ದಯವಿಟ್ಟು ತಿದ್ದಿಕೊಡಬೇಕು.